ಕ್ಲಿಪ್ ಹಾಕಲಿಕ್ಕೆ ಕಷ್ಟ ಅಂದರೆ ಮುಂದೇನು?

ಪ್ರಶ್ನೆ: ಅಮ್ಮನಿಗೆ 58 ವರ್ಷ. ಒಂದು ಕಣ್ಣು ಮಂಜಾಗ್ತಿದೆ ಅಂತ ತೋರಿಸಿದಾಗ ಸ್ಕ್ಯಾನ್‌ನಲ್ಲಿ ಕಣ್ಣಿನ ಹಿಂದಿನ ರಕ್ತನಾಳದಲ್ಲಿ 26 ಮಿ.ಮೀ. ಅನ್ಯೂರಿಸಂ (ನಾಳದ ಗೋಡೆ ಬಲೂನಿನಂತೆ ಉಬ್ಬಿದ್ದು) ಕಂಡಿತು. ಒಡೆದಿಲ್ಲ. ಕ್ಲಿಪ್ ಹಾಕಲಿಕ್ಕೆ ಕಷ್ಟ ಎಂದರು ಡಾಕ್ಟರು. ಮನೆಯವರೆಲ್ಲ ಕಂಗಾಲಾಗಿದ್ದೇವೆ. ಬೇರೆ ದಾರಿಯೇ ಇಲ್ಲವಾ?
– ಓದುಗರೊಬ್ಬರು, ಕಾಪು

ಉತ್ತರ: ಇದೆ. ಕ್ಲಿಪ್ ಆಗದಿದ್ದರೆ ಚಿಕಿತ್ಸೆಯೇ ಇಲ್ಲ ಅಂತಲ್ಲ. ಯಾಕೆ ಕಷ್ಟ ಅಂತ ಮೊದಲು ಕೇಳಿ, ದಾರಿ ಅದರ ಮೇಲೆಯೇ ನಿಂತಿದೆ. ಕ್ಲಿಪ್ ಅಂದರೆ ತಲೆ ತೆರೆದು ಹಾಕುವ ಸಣ್ಣ ಲೋಹದ ಚಿಮಟ. ಅದು ಹಿಡಿಯಬೇಕಾದ್ದು ಉಬ್ಬಿನ ಕತ್ತನ್ನು, ಅಂದರೆ ಉಬ್ಬು ನಾಳಕ್ಕೆ ಸೇರುವ ಜಾಗವನ್ನು. ಕತ್ತು ಅಗಲವಾಗಿದ್ದರೆ, ಗೋಡೆ ಗಟ್ಟಿಯಾಗಿದ್ದರೆ, ಉಬ್ಬಿನಿಂದಲೇ ಬೇರೆ ನಾಳ ಹೊರಟಿದ್ದರೆ ಹಿಡಿತ ಸಿಗುವುದಿಲ್ಲ. 25 ಮಿ.ಮೀ. ದಾಟಿದ ಉಬ್ಬುಗಳಲ್ಲಿ ಈ ತೊಂದರೆ ಜಾಸ್ತಿ.

ಅಮ್ಮನಿಗೆ ಡಾಕ್ಟರು ಮೊದಲು ಯೋಚಿಸುವುದು ಬಹುಶಃ ಫ್ಲೋ ಡೈವರ್ಟರ್. ತಲೆ ತೆರೆಯುವುದಿಲ್ಲ. ತೊಡೆಯ ಅಥವಾ ಕೈಯ ನಾಳದಿಂದ ಸಣ್ಣ ಕೊಳವೆ ಸಾಗಿಸಿ, ಒತ್ತಾಗಿ ಹೆಣೆದ ಸ್ಟೆಂಟನ್ನು ಉಬ್ಬಿನ ಬಾಯಿಗೆ ಅಡ್ಡ ಕೂರಿಸುತ್ತಾರೆ. ರಕ್ತ ನೇರ ಹೋಗುತ್ತದೆ, ಉಬ್ಬಿನೊಳಗಿನದು ನಿಧಾನ ಹೆಪ್ಪುಗಟ್ಟುತ್ತದೆ. 2011ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಮೊದಲ ಬಾರಿ ಇದಕ್ಕೆ ಒಪ್ಪಿಗೆ ಕೊಟ್ಟದ್ದೂ ಕೆರೊಟಿಡ್ (ಕುತ್ತಿಗೆಯಿಂದ ಮೆದುಳಿಗೆ ರಕ್ತ ಒಯ್ಯುವ) ನಾಳದ ಇಂಥ ದೊಡ್ಡ ಉಬ್ಬುಗಳಿಗೇ. ಆದರೆ ಉಬ್ಬು ಮುಚ್ಚಲಿಕ್ಕೆ ತಿಂಗಳುಗಳು ಬೇಕು, ಅಲ್ಲಿವರೆಗೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಆಸ್ಪಿರಿನ್, ಕ್ಲೊಪಿಡೊಗ್ರೆಲ್ ತರದ ಮಾತ್ರೆಗಳನ್ನು ತಪ್ಪಿಸುವಂತಿಲ್ಲ. ಹಲ್ಲು ಕೀಳಿಸಲಿಕ್ಕೆ ಅಂತ ನೀವೇ ನಿಲ್ಲಿಸಿಬಿಟ್ಟರೆ ಸ್ಟೆಂಟಿನಲ್ಲೇ ರಕ್ತ ಕಟ್ಟಿ ಪಾರ್ಶ್ವವಾಯು ಆಗಬಹುದು.

ಅದು ಹೊಂದದಿದ್ದರೆ ಬೈಪಾಸ್. ಶಿರಾಡಿ ಘಾಟಿ ಬಂದಾದಾಗ ನಾವು ಚಾರ್ಮಾಡಿ ಹಿಡಿಯುತ್ತೇವಲ್ಲ, ಹಾಗೆ. ಕೈಯ ಅಥವಾ ಕಾಲಿನ ನಾಳ ತೆಗೆದು ಮೆದುಳಿಗೆ ಬೇರೆ ದಾರಿ ಮಾಡಿ, ಆಮೇಲೆ ಉಬ್ಬಿರುವ ಭಾಗವನ್ನು ಮುಚ್ಚುತ್ತಾರೆ. ನೆತ್ತಿಯ ಚರ್ಮದ ನಾಳವನ್ನೇ ಮೆದುಳಿನ ನಾಳಕ್ಕೆ ಹೊಲಿಯುವ ಬೈಪಾಸನ್ನು ಮೆದುಳಿನ ಸರ್ಜನ್ ಡಾ. ಯಾಸರ್ಗಿಲ್ ಜ್ಯೂರಿಕ್‌ನಲ್ಲಿ 1967ರಲ್ಲೇ ಮಾಡಿದ್ದರು. ದೊಡ್ಡ ಆಪರೇಶನ್ ಇದು, ಕೈ ಪಳಗಿದವರೇ ಮಾಡಬೇಕು. ಮುಚ್ಚುವ ಮೊದಲು ಬಲೂನಿನಿಂದ ನಾಳವನ್ನು ಸ್ವಲ್ಪ ಹೊತ್ತು ತಡೆದು, ಇನ್ನೊಂದು ಬದಿಯ ರಕ್ತ ಸಾಕಾಗುತ್ತದಾ ಅಂತ ಪರೀಕ್ಷೆಯನ್ನೂ ಮಾಡುತ್ತಾರೆ.

ಉಬ್ಬಿನೊಳಗೆ ಕಾಯಿಲ್, ಅಂದರೆ ತೆಳು ಲೋಹದ ತಂತಿಯ ಸುರುಳಿ, ತುಂಬುವುದೂ ಇದೆ, ಆದರೆ ಇಷ್ಟು ದೊಡ್ಡದರಲ್ಲಿ ಅದೊಂದೇ ಆದರೆ ಮತ್ತೆ ತೆರೆದುಕೊಳ್ಳುವುದು ಹೆಚ್ಚು.

ಸ್ಕ್ಯಾನಿನ ಸಿಡಿ ಹಿಡಿದು, ಮಂಗಳೂರಿನಲ್ಲೋ ಮಣಿಪಾಲದಲ್ಲೋ, ಕ್ಲಿಪ್ ಹಾಕುವವರು ಮತ್ತು ಸ್ಟೆಂಟ್ ಹಾಕುವವರು ಇಬ್ಬರೂ ಕೂತು ನೋಡುವ ಕಡೆ ತೋರಿಸಿ. ಒಬ್ಬರ ಮಾತಿಗೇ ಕಣ್ಣೀರು ಹಾಕಬೇಡಿ. ಕಣ್ಣು ಮಂಜಾಗುತ್ತಿದೆ ಅಂದರೆ ಉಬ್ಬು ಕಣ್ಣಿನ ನರವನ್ನು ಒತ್ತುತ್ತಿರಬಹುದು, ಹಾಗಾಗಿ ತಡ ಮಾಡಬೇಡಿ. ಬಿಪಿ ಹತೋಟಿಯಲ್ಲಿರಲಿ. ಹಿಂದೆಂದೂ ಬಾರದಂಥ ತಲೆನೋವು ಒಮ್ಮೆಲೇ ಬಂದರೆ ಮಾತ್ರೆ ನುಂಗಿಸಿ ಕಾಯಬೇಡಿ, 108ಕ್ಕೆ ಫೋನ್ ಮಾಡಿ.