ಬೆದರಿದ ಕುರಿಗೆ ಕೊಯ್ಯುವ ಮುಂಚೆ ಒಂದು ರಾತ್ರಿ ವಿಶ್ರಾಂತಿ ಕೊಟ್ಟರೆ ಸಾಕಾ?

ಕುರಿ ಎಷ್ಟೇ ಬೆದರಿರಲಿ, ಒಂದು ರಾತ್ರಿ ಸುಮ್ನೆ ಬಿಟ್ಟು ಬೆಳಿಗ್ಗೆ ಕೊಯ್ದರೆ ಮಾಂಸ ಸರಿಯಾಗಿರುತ್ತದೆ ಅಂತ ನಂಬಿರುವುದಾಗಿ ನೀವು ನನಗೆ ಬರೆದಿದ್ದೀರಿ. ನಾನೂ ಅದನ್ನೇ ನಂಬಿದ್ದೆ. ಇಡೀ ಒಂದು ಲೋಡು ಮಾಂಸ ವಾಪಸ್ ಬಂದ ಮೇಲೆ ಆ ನಂಬಿಕೆ ಹೋಯಿತು.

ಕೊಳಕು ಉಣ್ಣೆಯ ಕುರಿ ತರಬೇಡಿ ಅಂತ ಕಸಾಯಿಖಾನೆಯವರು ಹೇಳಿದ್ದರು. ಅದು ನ್ಯಾಯವೇ. ಚರ್ಮ ಸುಲಿಯುವಾಗ ಉಣ್ಣೆಗೆ ಅಂಟಿದ ಮಣ್ಣು, ಹಿಕ್ಕೆ ಎಲ್ಲ ಮಾಂಸಕ್ಕೆ ತಾಗುತ್ತದೆ. ಅದಕ್ಕೆ ಸಾಗಿಸುವ ಹಿಂದಿನ ದಿನ ಎಲ್ಲವನ್ನೂ ನೀರಿಗಿಳಿಸಿ ಈಜಿಸಿ ತೊಳೆಸಿದೆ. ಕುರಿ ತಾನಾಗಿ ನೀರಿಗೆ ಇಳಿಯುವುದಿಲ್ಲ, ಅಲ್ವಾ? ನಾಯಿ ಬಿಟ್ಟು ಅಟ್ಟಿದೆವು, ಹಿಡಿದು ತಳ್ಳಿದೆವು. ನೆನೆದ ಉಣ್ಣೆಯ ಭಾರ ಹೊತ್ತು ಒದ್ದಾಡಿಕೊಂಡು ಅವು ದಡ ಸೇರಿದವು. ಹೊಟ್ಟೆ ಖಾಲಿ ಇರಲಿ ಅಂತ ಸಂಜೆಗೆ ಮೇವು ನಿಲ್ಲಿಸಿದೆ. ಒದ್ದೆ ಮೈಯಲ್ಲಿ ರಾತ್ರಿಯೆಲ್ಲ ನಡುಗಿದವು. ಅದನ್ನೇ ನಾನು ವಿಶ್ರಾಂತಿ ಅಂದುಕೊಂಡಿದ್ದೆ.

ಇದನ್ನು ಬಿಡಿಸಿ ಹೇಳಲೇಬೇಕು. ಕುರಿಯ ಸ್ನಾಯುವಿನಲ್ಲಿ ಗ್ಲೈಕೋಜೆನ್ ಎಂಬ ಸಕ್ಕರೆಯ ದಾಸ್ತಾನು ಇರುತ್ತದೆ. ಓಡುವಾಗ, ಈಜುವಾಗ ಅದು ಖರ್ಚಾಗುತ್ತದೆ. ಚಳಿಗೆ ನಡುಗುವುದೂ ಸ್ನಾಯುವಿನ ಕೆಲಸವೇ, ಅದಕ್ಕೂ ಅದೇ ಬೇಕು. ಹೆದರಿದಾಗ ಉಕ್ಕುವ ಅಡ್ರಿನಲಿನ್ ಕೂಡ ಅದನ್ನೇ ಕರಗಿಸುತ್ತದೆ. ಕೊಯ್ದ ಮೇಲೆ, ಉಳಿದಿರುವ ಗ್ಲೈಕೋಜೆನ್ ಲ್ಯಾಕ್ಟಿಕ್ ಆಮ್ಲವಾಗುತ್ತದೆ. ಆ ಆಮ್ಲದಿಂದಲೇ ಮಾಂಸದ ಪಿಎಚ್ (ಹುಳಿಯ ಅಳತೆ, ಆಮ್ಲ ಹೆಚ್ಚಿದಷ್ಟೂ ಅಂಕಿ ಇಳಿಯುತ್ತದೆ) ಸುಮಾರು 7ರಿಂದ ಒಂದು ದಿನದೊಳಗೆ 5.5ರ ಆಸುಪಾಸಿಗೆ ಇಳಿಯಬೇಕು. ನನ್ನ ಕುರಿಗಳಲ್ಲಿ ದಾಸ್ತಾನೇ ಬರಿದಾಗಿತ್ತು. ಪಿಎಚ್ 6ರ ಮೇಲೆಯೇ ನಿಂತುಬಿಟ್ಟಿತು. ಮಾಂಸ ನೀರನ್ನು ಒಳಗೇ ಹಿಡಿದುಕೊಂಡಿತ್ತು. ಕತ್ತರಿಸಿದರೆ ಕಪ್ಪುಗೆಂಪು ಬಣ್ಣ, ಒಣಗಿದಂಥ ಮೇಲ್ಮೈ, ಮುಟ್ಟಿದರೆ ಅಂಟಂಟು. ಆಮ್ಲ ಕಡಿಮೆ ಇದ್ದರೆ ಬ್ಯಾಕ್ಟೀರಿಯಾಗೆ ತಡೆ ಇರುವುದಿಲ್ಲ. ತಣ್ಣಗೆ ಇಟ್ಟಿದ್ದರೂ ಬೇಗ ವಾಸನೆ ಬಂತು. ಕುರಿಗಳಿಗೆ ಯಾವ ರೋಗವೂ ಇರಲಿಲ್ಲ, ಚೆನ್ನಾಗಿ ಮೇಯ್ದು ಮೈ ತುಂಬಿಕೊಂಡಿದ್ದವು. ಒಂದೇ ದಿನದಲ್ಲಿ ಎಲ್ಲ ಹೋಯಿತು.

ರಾತ್ರಿ ಯಾಕೆ ಸಾಲಲಿಲ್ಲ ಅಂದರೆ, ಖಾಲಿಯಾದ ಗ್ಲೈಕೋಜೆನ್ ತುಂಬುವುದು ಮೇವಿನಿಂದ. ಬರೀ ಮಲಗಿದರೆ ತುಂಬುವುದಿಲ್ಲ. ಅದರಲ್ಲೂ ಕುರಿ ಮೆಲುಕು ಹಾಕುವ ಪ್ರಾಣಿ. ಮೇವಿನ ಸಕ್ಕರೆ ಅದರ ರಕ್ತಕ್ಕೆ ನೇರವಾಗಿ ಸೇರುವುದು ಬಹಳ ಕಡಿಮೆ. ಹಾಗಾಗಿ ದಾಸ್ತಾನು ಮೊದಲಿನಂತಾಗಲು ಕೆಲವು ದಿನಗಳೇ ಬೇಕು. ಹೊಸ ಜಾಗದಲ್ಲಿ, ಹೊಸ ವಾಸನೆ, ಹೊಸ ಸದ್ದಿನ ನಡುವೆ ಅವು ಸರಿಯಾಗಿ ತಿನ್ನುವುದೂ ಇಲ್ಲ.

ಅದಕ್ಕೇ, ಎಷ್ಟು ಗಂಟೆ ವಿಶ್ರಾಂತಿ ಅನ್ನುವ ಲೆಕ್ಕವನ್ನು ಬಿಡಿ ಅಂತ ನಾನು ಹೇಳುವುದು. ಬೆದರಿಸಿ ಆಮೇಲೆ ಸರಿ ಮಾಡುವ ದಾರಿ ಇಲ್ಲ, ಬೆದರಿಸದೇ ಇರಬೇಕು. ನಾನು ಈಗ ತೊಳೆಸುವುದೇ ಇಲ್ಲ. ಕೆಲವು ವಾರ ಮುಂಚೆಯೇ ಉಣ್ಣೆ ಕತ್ತರಿಸಿ, ಒಣ ದೊಡ್ಡಿಯಲ್ಲಿ ಇಡುತ್ತೇನೆ. ನಾಯಿಯನ್ನು ಹತ್ತಿರ ಬಿಡುವುದಿಲ್ಲ. ಒಂದು ಕುರಿಯನ್ನು ಮಾತ್ರ ಬೇರೆ ಮಾಡಿ ನಿಲ್ಲಿಸಬೇಡಿ, ಹಿಂಡು ಕಣ್ಣಿಗೆ ಕಾಣದಿದ್ದರೆ ಅದರ ಎದೆ ಬಡಿತ ಏರುತ್ತದೆ. ಬೇರೆ ಬೇರೆ ಹಿಂಡಿನ ಟಗರುಗಳನ್ನು ಒಟ್ಟಿಗೆ ಕೂಡಿಹಾಕಬೇಡಿ, ಗುದ್ದಾಡಿಯೇ ಸುಸ್ತಾಗುತ್ತವೆ. ಉಣ್ಣೆ ಹಿಡಿದು ಎಳೆಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಚರ್ಮದಡಿ ರಕ್ತ ಹೆಪ್ಪುಗಟ್ಟುತ್ತದೆ, ಆ ಭಾಗವನ್ನು ಕತ್ತರಿಸಿ ಎಸೆಯಬೇಕಾಗುತ್ತದೆ. ಮೇವು ನಿಲ್ಲಿಸಿದರೂ ನೀರು ಮಾತ್ರ ಕೊನೆಯವರೆಗೂ ಇರಲಿ.

ಮಾಂಸ ಗಟ್ಟಿಯಾಗಿತ್ತು ಅಂತಲೂ ಬರೆದಿದ್ದೀರಿ. ಪಿಎಚ್ 5.8ರಿಂದ 6.2ರ ನಡುವೆ ನಿಂತರೆ ಹಾಗಾಗುವುದು ಜಾಸ್ತಿ. ಆದರೆ ಕೊಯ್ದ ಕೂಡಲೇ ತುಂಬಾ ತಣ್ಣಗಿನ ಕೋಣೆಗೆ ಹಾಕಿದರೂ ಗಟ್ಟಿಯಾಗುತ್ತದೆ. ಪಿಎಚ್ 6ಕ್ಕೆ ಇಳಿಯುವ ಮುಂಚೆ ಮಾಂಸ 10 ಡಿಗ್ರಿಗಿಂತ ತಣ್ಣಗಾದರೆ ಸ್ನಾಯು ಸೆಟೆದುಕೊಳ್ಳುತ್ತದೆ. ಎರಡರಲ್ಲಿ ನಿಮ್ಮದು ಯಾವುದು ಅಂತ ತಿಳಿಯಲು ಮುಂದಿನ ಸಲ 24 ಗಂಟೆ ಆದ ಮೇಲೆ ಪಿಎಚ್ ಅಳೆಸಿ. 5.7ರ ಒಳಗೆ ಇದ್ದರೆ ತಣ್ಣಗಿನ ಕೋಣೆಯವರನ್ನು ಕೇಳಿ. ಅದಕ್ಕಿಂತ ಮೇಲಿದ್ದರೆ ಕೊಯ್ಯುವುದಕ್ಕೆ ಎರಡು ಮೂರು ದಿನ ಮುಂಚೆ ಆ ಕುರಿಗಳನ್ನು ಯಾರು ಹೇಗೆ ಅಟ್ಟಿದರು, ಯಾವ ದೊಡ್ಡಿಯಲ್ಲಿ ಕೂಡಿಹಾಕಿದ್ದರು ಅಂತ ವಿಚಾರಿಸಿ.