ಬೋರ್ಡಿಗೆ ಫರ್ಮ್‌ವೇರ್ ಹತ್ತದಿದ್ದರೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಎಸ್‌ಟಿಎಂ32ಎಫ್103 ಮೈಕ್ರೊಕಂಟ್ರೋಲರ್ ಚಿಪ್ ಬಳಸಿ ನಾವೇ ವಿನ್ಯಾಸ ಮಾಡಿದ ಬೋರ್ಡುಗಳಲ್ಲಿ ಕೆಲವು ಮೊದಲ ಸಲಕ್ಕೇ ಫರ್ಮ್‌ವೇರ್ ಅನ್ನು, ಅಂದರೆ ಚಿಪ್ಪಿನಲ್ಲಿ ಓಡುವ ಪ್ರೋಗ್ರಾಮನ್ನು, ಸ್ವೀಕರಿಸುತ್ತವೆ, ಕೆಲವು ಹಲವು ಸಲ ಪ್ರಯತ್ನಿಸಿದ ಮೇಲೆ ಸ್ವೀಕರಿಸುತ್ತವೆ, ಉಳಿದವುಗಳಲ್ಲಿ ಚಿಪ್ ಸಿಗುತ್ತಿಲ್ಲವೆಂಬ ಸಂದೇಶವಷ್ಟೇ ಬರುತ್ತದೆ. ಅದೇ ಪ್ರೋಗ್ರಾಮರ್‌ನಿಂದ (ಚಿಪ್ಪಿಗೆ ಪ್ರೋಗ್ರಾಂ ತುಂಬುವ ಸಾಧನ) ಸಿದ್ಧ ಡೆವಲಪ್‌ಮೆಂಟ್ ಬೋರ್ಡಿಗೆ ತುಂಬಿದರೆ ಯಾವ ತೊಂದರೆಯೂ ಇಲ್ಲ. ಪ್ರೋಗ್ರಾಮರನ್ನು ಬದಲಿಸಬೇಕೆ?

ಉತ್ತರ: ಬೇಡ. ಸಿದ್ಧ ಬೋರ್ಡಿನಲ್ಲಿ ಅದು ಸರಿಯಾಗಿ ಕೆಲಸ ಮಾಡುತ್ತಿದೆಯೆಂದು ನೀವೇ ಬರೆದಿದ್ದೀರಿ. ಆದ್ದರಿಂದ ಹುಡುಕಾಟ ನಿಮ್ಮ ಸರ್ಕಿಟ್‌ನಲ್ಲಿ ನಡೆಯಬೇಕು, ಅದರಲ್ಲೂ ವಿದ್ಯುತ್ ಪೂರೈಕೆಯಿಂದ ಆರಂಭವಾಗಬೇಕು. ಚಿಪ್ಪಿನ ಪ್ರತಿಯೊಂದು ವಿಡಿಡಿ (ವಿದ್ಯುತ್ ಪೂರೈಕೆಯ) ಕಾಲಿನ ಮೇಲೆಯೇ ಮೀಟರ್ ಇಟ್ಟು 3.3 ವೋಲ್ಟ್ ಬರುತ್ತಿದೆಯೇ ನೋಡಿ. ಬೋರ್ಡಿನ ಅಂಚಿನ ಕನೆಕ್ಟರ್‌ನಲ್ಲಿ ಅಳೆದರೆ ಬೆಸುಗೆಯ ದೋಷ ಕಾಣಿಸುವುದಿಲ್ಲ. ಅನಲಾಗ್ ಭಾಗಕ್ಕೆ ವಿದ್ಯುತ್ ಕೊಡುವ ವಿಡಿಡಿಎ ಕಾಲನ್ನು ಮರೆಯಬೇಡಿ. ಅನಲಾಗ್ ಭಾಗವನ್ನು ಬಳಸುವುದಿಲ್ಲವೆಂದು ಅದನ್ನು ಜೋಡಿಸದೆ ಬಿಡುವವರು ಬಹಳ ಮಂದಿ. ಆದರೆ ಈ ಚಿಪ್ಪಿನಲ್ಲಿ ರೀಸೆಟ್ ವಿಭಾಗ, ಒಳಗಿನ ಗಡಿಯಾರಗಳಾದ ಆರ್‌ಸಿ ಆಸಿಲೇಟರ್‌ಗಳು ಮತ್ತು ಗಡಿಯಾರದ ವೇಗ ಹೆಚ್ಚಿಸುವ ಪಿಎಲ್‌ಎಲ್ ಕೂಡ ಅದೇ ಕಾಲಿನಿಂದ ವಿದ್ಯುತ್ ಪಡೆಯುವುದರಿಂದ, ಅದು ತೆರೆದಿದ್ದರೆ ಚಿಪ್ ಎಚ್ಚರಗೊಳ್ಳುತ್ತದೆಂಬ ಖಾತರಿಯೇ ಇರುವುದಿಲ್ಲ.

ಮುಂದಿನ ಅಳತೆಯನ್ನು ಬೋರ್ಡಿನ ಪೂರೈಕೆಯನ್ನು ತೆಗೆದು, ಪ್ರೋಗ್ರಾಮರನ್ನು ಮಾತ್ರ ಜೋಡಿಸಿ ಮಾಡಿ. ವಿಡಿಡಿಯಲ್ಲಿ ಒಂದೂವರೆ ಎರಡು ವೋಲ್ಟ್ ಕಂಡರೆ, ಸಂಕೇತದ ತಂತಿಗಳ ಮೂಲಕ ಚಿಪ್ಪಿನ ರಕ್ಷಣಾ ಡಯೋಡುಗಳನ್ನು ದಾಟಿ ವಿದ್ಯುತ್ ನುಸುಳುತ್ತಿದೆ ಎಂದರ್ಥ. ಇಂಥ ಅರೆಬರೆ ವಿದ್ಯುತ್ತಿನಲ್ಲಿ ಚಿಪ್ ಒಮ್ಮೆ ಉತ್ತರಿಸುತ್ತದೆ, ಇನ್ನೊಮ್ಮೆ ಉತ್ತರಿಸುವುದಿಲ್ಲ. ಅನೇಕ ಪ್ರೋಗ್ರಾಮರ್‌ಗಳಲ್ಲಿ ವಿಟಿರೆಫ್ ಎಂಬ ಪಿನ್ ಇರುವುದು ಬೋರ್ಡಿನ ವೋಲ್ಟೇಜನ್ನು ಅಳೆದು ತಿಳಿದುಕೊಳ್ಳಲು, ಬೋರ್ಡಿಗೆ ವಿದ್ಯುತ್ ಕೊಡಲು ಅಲ್ಲ. ಅದನ್ನು ಪೂರೈಕೆಯೆಂದು ನಂಬಿ ಜೋಡಿಸಿದಾಗ ಈ ಸ್ಥಿತಿ ಸುಲಭವಾಗಿ ಉಂಟಾಗುತ್ತದೆ.

ವಿದ್ಯುತ್ ಸರಿಯಿದೆಯೆಂದು ಖಚಿತವಾದ ಮೇಲೆ, ಪೂರ್ತಿ ಪ್ರೋಗ್ರಾಂ ತುಂಬಲು ಹೋಗದೆ, ಚಿಪ್ಪಿನ ಐಡಿಕೋಡನ್ನು (ಗುರುತಿನ ಸಂಖ್ಯೆ) ಮಾತ್ರ ಓದಿಸಿ ನೋಡಿ. ಎಫ್103ರಲ್ಲಿ ಅದು 0x1ಬಿಎ01477 ಎಂದು ಬರಬೇಕು. ಅದನ್ನು ಹತ್ತಾರು ಸಲ ಓದಿಸಿದಾಗ ಒಮ್ಮೆಯಾದರೂ ತಪ್ಪಿದರೆ ಎಸ್‌ಡಬ್ಲ್ಯೂಡಿ (ಪ್ರೋಗ್ರಾಮರ್ ಚಿಪ್ಪಿನೊಡನೆ ಮಾತನಾಡುವ ಎರಡು ತಂತಿಗಳ ಸಂಪರ್ಕ) ಗಡಿಯಾರದ ವೇಗವನ್ನು 4 ಮೆಗಾಹರ್ಟ್ಸ್‌ನಿಂದ 100 ಕಿಲೋಹರ್ಟ್ಸ್‌ನಷ್ಟಕ್ಕೆ ಇಳಿಸಿ. ಆಗ ಸರಿಹೋದರೆ ದೋಷ ಬಹುಪಾಲು ತಂತಿಯಲ್ಲಿದೆ: ತಂತಿ ಉದ್ದವಾಗಿರಬಹುದು, ಅಥವಾ ಗ್ರೌಂಡ್ ತಂತಿ ಗಡಿಯಾರದ ತಂತಿಯಿಂದ ದೂರ ಓಡಿರಬಹುದು. ವೇಗ ಇಳಿಸಿದರೂ ಬದಲಾವಣೆ ಇಲ್ಲವಾದರೆ ಮತ್ತೆ ವಿದ್ಯುತ್ ಹಾಗೂ ರೀಸೆಟ್ ಕಡೆಗೇ ಮರಳಬೇಕು. ವೇಗ ಇಳಿಸುವುದು ರೋಗ ಪತ್ತೆಗೆ ಉತ್ತಮ ಉಪಾಯ. ಅದನ್ನೇ ಶಾಶ್ವತ ಮದ್ದಾಗಿ ಮಾಡಿಕೊಂಡ ಬೋರ್ಡನ್ನು ನಾನು ನಂಬುವುದಿಲ್ಲ.

ರೀಸೆಟ್ ಕಾಲಿನ ಕೆಪಾಸಿಟರ್‌ನ ಮೌಲ್ಯವನ್ನೂ ಪರೀಕ್ಷಿಸಿ. ಚಿಪ್ಪಿನೊಳಗಿನ ಪುಲ್‌ಅಪ್ (ಕಾಲನ್ನು ಪೂರೈಕೆಯ ವೋಲ್ಟೇಜಿಗೆ ಎಳೆಯುವ ರೋಧಕ) ಸುಮಾರು 40 ಕಿಲೋಓಮ್ ಇರುವುದರಿಂದ 100 ನ್ಯಾನೊಫ್ಯಾರಡ್ ಕೆಪಾಸಿಟರ್ ಹಾಕಿದರೆ ಕಾಲಸ್ಥಿರಾಂಕ (ವೋಲ್ಟೇಜ್ ಏರಲು ಹಿಡಿಯುವ ಸಮಯದ ಅಳತೆ) 4 ಮಿಲಿಸೆಕೆಂಡ್ ಆಗುತ್ತದೆ. ಸುರಕ್ಷಿತವಾಗಿರಲೆಂದು ಯಾರಾದರೂ 10 ಮೈಕ್ರೊಫ್ಯಾರಡ್ ಹಾಕಿದ್ದರೆ ಅದು 0.4 ಸೆಕೆಂಡಿಗೆ ಏರುತ್ತದೆ. ಪ್ರೋಗ್ರಾಮರ್ ರೀಸೆಟ್ ಬಿಟ್ಟು ಚಿಪ್ಪನ್ನು ಮಾತನಾಡಿಸುವ ಹೊತ್ತಿಗೆ ಚಿಪ್ ಇನ್ನೂ ರೀಸೆಟ್‌ನಲ್ಲೇ ಇರಬಹುದು. ಚಿಪ್ ಯಾವ ಪ್ರೋಗ್ರಾಮಿನಿಂದ ಆರಂಭವಾಗಬೇಕೆಂದು ನಿರ್ಧರಿಸುವ ಬೂಟ್0 ಕಾಲನ್ನು 10 ಕಿಲೋಓಮ್ ಮೂಲಕ ಗ್ರೌಂಡಿಗೆ ಕಟ್ಟಿರಿ. ಅದು ಎಲ್ಲಿಗೂ ಜೋಡಿಸದೆ ತೇಲುತ್ತಿದ್ದರೆ ಪ್ರೋಗ್ರಾಂ ಸರಿಯಾಗಿ ತುಂಬಿದ್ದರೂ ಓಡದೆ ಹೋಗಬಹುದು, ಆಗ ತುಂಬುವುದೇ ವಿಫಲವಾಯಿತೆಂದು ನೀವು ತಪ್ಪು ತಿಳಿಯುವ ಸಾಧ್ಯತೆ ಇದೆ.

ಪ್ರಶ್ನೆ: ಹೊಸ ಬೋರ್ಡಿಗೆ ಒಮ್ಮೆ ಪ್ರೋಗ್ರಾಂ ತುಂಬಿದ ಬಳಿಕ ಎರಡನೆಯ ಸಲ ಅದು ಪ್ರೋಗ್ರಾಮರ್‌ಗೆ ಉತ್ತರಿಸುವುದೇ ಇಲ್ಲ. ಚಿಪ್ ಸುಟ್ಟುಹೋಯಿತೆ?

ಉತ್ತರ: ಸುಟ್ಟಿರುವ ಸಾಧ್ಯತೆ ಕಡಿಮೆ. ನೀವು ತುಂಬಿದ ಪ್ರೋಗ್ರಾಮೇ ಒಳಗಿನಿಂದ ಚಿಲಕ ಹಾಕಿಕೊಂಡಿದೆ. ಎಸ್‌ಡಬ್ಲ್ಯೂಡಿಗೆ ಮೀಸಲಾದ ಪಿಎ13, ಪಿಎ14 ಕಾಲುಗಳನ್ನು ಅದು ಸಾಮಾನ್ಯ ಇನ್‌ಪುಟ್ ಅಥವಾ ಔಟ್‌ಪುಟ್‌ಗಳಾಗಿ ಬದಲಿಸಿರಬಹುದು, ಅಥವಾ ಓಡಲಾರಂಭಿಸಿದ ತಕ್ಷಣ ಗಡಿಯಾರಗಳನ್ನೆಲ್ಲ ನಿಲ್ಲಿಸಿ ಆಳವಾದ ನಿದ್ರೆಗೆ ಜಾರಿರಬಹುದು. ಎರಡಕ್ಕೂ ಪರಿಹಾರ ಒಂದೇ: ಪ್ರೋಗ್ರಾಮರ್‌ನ ತಂತ್ರಾಂಶದಲ್ಲಿ, ರೀಸೆಟ್ ಒತ್ತಿಹಿಡಿದ ಸ್ಥಿತಿಯಲ್ಲೇ ಸಂಪರ್ಕ ಸಾಧಿಸುವ ಆಯ್ಕೆಯನ್ನು ಆರಿಸಿ, ಪ್ರೋಗ್ರಾಮಿನ ಮೊದಲ ಸಾಲು ಓಡುವ ಮುನ್ನವೇ ಚಿಪ್ಪನ್ನು ತಡೆದು ಅಳಿಸಿರಿ. ಇದಕ್ಕೆ ರೀಸೆಟ್ ತಂತಿ ಪ್ರೋಗ್ರಾಮಿಂಗ್ ಕನೆಕ್ಟರ್‌ವರೆಗೆ ಬಂದಿರಬೇಕು. ಎರಡು ಸಂಕೇತದ ತಂತಿಗಳು ಮತ್ತು ಗ್ರೌಂಡ್ ಸಾಕೆಂದು ಅದನ್ನು ಕೈಬಿಟ್ಟವರು ಇಂಥ ದಿನ ಪರಿತಪಿಸುತ್ತಾರೆ. ಆ ತಂತಿ ಇಲ್ಲದಿದ್ದರೆ ಬೂಟ್0 ಅನ್ನು ತಾತ್ಕಾಲಿಕವಾಗಿ 3.3 ವೋಲ್ಟಿಗೆ ಮುಟ್ಟಿಸಿ ವಿದ್ಯುತ್ ಕೊಟ್ಟರೆ, ನಿಮ್ಮ ಪ್ರೋಗ್ರಾಮಿನ ಬದಲು ತಯಾರಕರು ಚಿಪ್ಪಿನಲ್ಲಿಟ್ಟ ಬೂಟ್‌ಲೋಡರ್ (ಆರಂಭಿಕ ಪ್ರೋಗ್ರಾಂ) ಓಡುವುದರಿಂದ, ಒಳಹೋಗುವ ದಾರಿ ಮತ್ತೆ ತೆರೆಯುತ್ತದೆ.

ಚಿಪ್ಪಿನೊಳಗಿನ ಪ್ರೋಗ್ರಾಮನ್ನು ಹೊರಗಿನಿಂದ ಓದದಂತೆ ತಡೆಯುವ ಓದು-ರಕ್ಷಣೆಯನ್ನು ನೀವೇ ಹಾಕಿದ್ದರೆ ವಿಷಯ ಬೇರೆ. ಎಸ್‌ಟಿಎಂ32ರ ಎಫ್0, ಎಫ್4 ಮುಂತಾದ ಸರಣಿಗಳಲ್ಲಿ 1ನೆಯ ಹಂತದ ರಕ್ಷಣೆಯನ್ನು ತೆಗೆಯಬಹುದು, ಆದರೆ ತೆಗೆದಾಗ ಫ್ಲ್ಯಾಶ್ (ಪ್ರೋಗ್ರಾಂ ಉಳಿಯುವ ಸ್ಮೃತಿ) ಪೂರ್ತಿ ಅಳಿಸಿಹೋಗುತ್ತದೆ. 2ನೆಯ ಹಂತವನ್ನು ಹಿಂತೆಗೆಯಲು ಬರುವುದಿಲ್ಲ.

ಪ್ರಶ್ನೆ: ಹೊಸ ಎಟಿಮೆಗಾ328ಪಿ ಚಿಪ್ ನಮ್ಮ ಬೋರ್ಡಿನಲ್ಲಿ ಉತ್ತರಿಸುವುದಿಲ್ಲ, ಹಿಂದೆ ಬಳಸಿದ ಹಳೆಯ ಚಿಪ್ ಅಲ್ಲಿಯೇ ಉತ್ತರಿಸುತ್ತದೆ. ಏಕೆ?

ಉತ್ತರ: ಕಾರ್ಖಾನೆಯಿಂದ ಬರುವಾಗ ಆ ಚಿಪ್ ಒಳಗಿನ 8 ಮೆಗಾಹರ್ಟ್ಸ್ ಗಡಿಯಾರವನ್ನು ಎಂಟರಿಂದ ಭಾಗಿಸಿಕೊಂಡು 1 ಮೆಗಾಹರ್ಟ್ಸ್‌ನಲ್ಲಿ ಓಡುತ್ತದೆ. ಐಎಸ್‌ಪಿ (ಚಿಪ್ ಬೋರ್ಡಿನಲ್ಲಿರುವಾಗಲೇ ಪ್ರೋಗ್ರಾಂ ತುಂಬುವ ವಿಧಾನ) ವೇಗ ಇದರ ನಾಲ್ಕನೆಯ ಒಂದು ಭಾಗಕ್ಕಿಂತ, ಅಂದರೆ 250 ಕಿಲೋಹರ್ಟ್ಸ್‌ಗಿಂತ, ಕಡಿಮೆ ಇರಬೇಕು. ಮೊದಲು ನಿಧಾನವಾಗಿ ಫ್ಯೂಸ್‌ಗಳನ್ನು (ಗಡಿಯಾರ ಮುಂತಾದವನ್ನು ನಿಗದಿಪಡಿಸುವ ಬಿಟ್‌ಗಳು) ಬರೆದು, ಬಳಿಕ ವೇಗ ಹೆಚ್ಚಿಸಿ. ಫ್ಯೂಸ್ ಬರೆಯುವಾಗ ರೀಸೆಟ್ ಕಾಲನ್ನು ನಿಷ್ಕ್ರಿಯಗೊಳಿಸುವ ಆರ್‌ಎಸ್‌ಟಿಡಿಐಎಸ್‌ಬಿಎಲ್ ಬಿಟ್ಟನ್ನು ಮುಟ್ಟಬೇಡಿ. ಅಲ್ಲಿ ಕೈತಪ್ಪಿದರೆ 12 ವೋಲ್ಟ್ ಪ್ರೋಗ್ರಾಮರ್ ಇಲ್ಲದೆ ಚಿಪ್ಪನ್ನು ಮರಳಿ ಪಡೆಯಲಾಗದು.

ಪ್ರಶ್ನೆ: ನೂರು ಬೋರ್ಡುಗಳಿಗೆ ತುಂಬಬೇಕಾಗಿದೆ. ಎಲ್ಲವೂ ಸರಿಯಾಗಿ ತುಂಬಿದವೆಂದು ಖಚಿತಪಡಿಸಿಕೊಳ್ಳುವುದು ಹೇಗೆ?

ಉತ್ತರ: ಪ್ರತಿ ಬೋರ್ಡಿಗೂ ಕೈಯಿಂದ ತಂತಿ ಸಿಕ್ಕಿಸುವುದನ್ನು ಬಿಟ್ಟು, ಸ್ಪ್ರಿಂಗ್ ಇರುವ ಪೋಗೊ ಪಿನ್‌ಗಳ ಜಿಗ್ (ಬೋರ್ಡನ್ನು ಒತ್ತಿಟ್ಟರೆ ಸಂಪರ್ಕ ಕೊಡುವ ಚೌಕಟ್ಟು) ಮಾಡಿಸಿ, ಅದಕ್ಕೆ ಬೇಕಾದ ಪ್ಯಾಡ್‌ಗಳನ್ನು ಬೋರ್ಡಿನ ವಿನ್ಯಾಸದಲ್ಲೇ ಇಟ್ಟಿರಬೇಕು. ಬಟನ್ ಒತ್ತುವ ಕೆಲಸವನ್ನು ಮನುಷ್ಯನಿಗೆ ಬಿಡದೆ, ಅಳಿಸುವ, ತುಂಬುವ, ಮರಳಿ ಓದಿ ತಾಳೆ ನೋಡುವ ಹೆಜ್ಜೆಗಳನ್ನೆಲ್ಲ ಒಂದೇ ಸ್ಕ್ರಿಪ್ಟ್ ಮಾಡಲಿ, ಮತ್ತು ಬೋರ್ಡಿನ ಕ್ರಮಸಂಖ್ಯೆಯೊಡನೆ ಫಲಿತಾಂಶವನ್ನು ದಾಖಲಿಸಲಿ. ತಾಳೆ ಸರಿಬಂದ ಬಳಿಕ ವಿದ್ಯುತ್ತನ್ನು ಪೂರ್ತಿ ತೆಗೆದು ಮತ್ತೆ ಕೊಟ್ಟು, ಪ್ರೋಗ್ರಾಂ ತಾನಾಗಿಯೇ ಆರಂಭವಾಗಿ ತನ್ನ ಆವೃತ್ತಿಸಂಖ್ಯೆಯನ್ನು ಸೀರಿಯಲ್ ತಂತಿಯಲ್ಲಿ ಕಳುಹಿಸುತ್ತದೆಯೇ ಎಂದು ಪರೀಕ್ಷಿಸಿ, ಏಕೆಂದರೆ ಪ್ರೋಗ್ರಾಮರ್ ಜೋಡಿಸಿದ್ದಾಗ ಮಾತ್ರ ಓಡುವ ಬೋರ್ಡುಗಳು ಈ ಹಂತದಲ್ಲಿಯೇ ಸಿಕ್ಕಿಬೀಳುತ್ತವೆ. ಓದು-ರಕ್ಷಣೆ ಬೇಕಿದ್ದರೆ ಅದನ್ನು ಇವೆಲ್ಲ ಮುಗಿದ ಮೇಲೆ ಹಾಕಿ. ಮೊದಲೇ ಹಾಕಿದರೆ ಫ್ಲ್ಯಾಶ್ ಅನ್ನು ಮರಳಿ ಓದಿ ತಾಳೆ ನೋಡಲು ಸಾಧ್ಯವಾಗುವುದಿಲ್ಲ.