ವಸತಿಧಾಮದ ಹಿತ್ತಿಲಲ್ಲಿ ಯಾರು ದುಡಿಯಬೇಕು?

ಶಿವಮೊಗ್ಗದ ಓದುಗರೊಬ್ಬರ ಪತ್ರ: “ಬೌದ್ಧಿಕ ವೈಕಲ್ಯವಿರುವ ನನ್ನ ಅಕ್ಕನ ಮಗ ಬೆಂಗಳೂರಿನ ಹೊರವಲಯದ ಒಂದು ವಸತಿಧಾಮದಲ್ಲಿದ್ದಾನೆ. ತಿಂಗಳು ತಿಂಗಳೂ ಶುಲ್ಕ ಕಟ್ಟುತ್ತೇವೆ. ಈಚೆಗೆ ನೋಡಲು ಹೋದಾಗ ಅವನು ಗೊಬ್ಬರದ ಗುಂಡಿಗೆ ತರಗೆಲೆ ಸುರಿಯುತ್ತಿದ್ದ. ಪರಿಸರ ಉಳಿಸುವ ಹೊಣೆಯನ್ನು ತಿಳಿವಳಿಕೆ ಇರುವವರು ಹೊರಲಿ; ಇವರನ್ನಾದರೂ ಸುಖವಾಗಿ ಇಡಬಾರದೇ?”

ಸಂಪಾದಕರ ಉತ್ತರ: ನಿಮ್ಮ ಆತಂಕದಲ್ಲಿ ನ್ಯಾಯವಿದೆ. ಒಲ್ಲೆ ಎನ್ನಲು ಬಾರದವರ ಕೈಯಲ್ಲಿ ಬಿಟ್ಟಿ ದುಡಿಸಿಕೊಂಡು ಅದಕ್ಕೆ ಪರಿಸರಪ್ರೇಮವೆಂದು ಹೆಸರಿಡುವುದು ಶೋಷಣೆಯೇ ಸರಿ. ಪರಿಸರದ ಹೆಸರಿನಲ್ಲಿ ಇವರ ಸುರಕ್ಷತೆಯನ್ನು ಮರೆಯುವುದೂ ತಪ್ಪು: ಬೇಸಿಗೆಯಲ್ಲಿ ಸೋಲಾರ್ ತೊಟ್ಟಿಯ ನೀರು 60 ಡಿಗ್ರಿಯನ್ನೂ ದಾಟುತ್ತದೆ. ಮೈ ಸುಟ್ಟರೂ ಹೇಳಲಾರದವರು ಸ್ನಾನ ಮಾಡುವ ಕಡೆ ತಣ್ಣೀರು ತಾನಾಗಿ ಬೆರೆಯುವ ಕವಾಟವಿಲ್ಲದಿದ್ದರೆ ಅಂಥ ಸೋಲಾರ್ ಬೇಡವೇ ಬೇಡ. ಇಷ್ಟರ ಮಟ್ಟಿಗೆ ನಾನು ನಿಮ್ಮ ಪಕ್ಷ.

ಆದರೆ ಸುಖವೆಂದರೆ ಕೈಕಟ್ಟಿ ಕೂತಿರುವುದು ಎಂದು ನೀವು ಭಾವಿಸಿರುವುದನ್ನು ನಾನು ಒಪ್ಪಲಾರೆ. ಐಸ್‌ಲೆಂಡಿನಲ್ಲಿ ಸೋಲ್ಹೈಮರ್ ಎಂಬ ಪುಟ್ಟ ಹಳ್ಳಿಯಿದೆ. 1930ರಲ್ಲಿ ಸೆಸ್ಸೆಲ್ಯಾ ಎಂಬ ತರುಣಿ ದಿಕ್ಕಿಲ್ಲದ ಮಕ್ಕಳನ್ನು ಕಟ್ಟಿಕೊಂಡು ಅದನ್ನು ಶುರುಮಾಡಿದಳು. ಬೌದ್ಧಿಕ ವೈಕಲ್ಯವಿರುವ ಮಕ್ಕಳನ್ನೂ ಇತರ ಮಕ್ಕಳನ್ನೂ ಒಟ್ಟಿಗೆ ಬೆಳೆಸಿದಳು. ರಾಸಾಯನಿಕವಿಲ್ಲದೆ ಬೆಳೆದ ತರಕಾರಿಯನ್ನೇ ಅವರಿಗೆ ಹೆಚ್ಚಾಗಿ ಉಣಿಸುತ್ತಾಳೆಂದು ಆ ಮಾಂಸಾಹಾರಿ ನಾಡಿನಲ್ಲಿ ಆಕ್ಷೇಪಗಳೆದ್ದವು. ಇಂದು ಅಲ್ಲಿ ಸುಮಾರು ನೂರು ಜನ ಬಾಳುತ್ತಿದ್ದಾರೆ, ಭೂಮಿಯೊಳಗಿನ ಬಿಸಿನೀರೇ ಗಾಜಿನಮನೆಗಳನ್ನು ಬೆಚ್ಚಗಿಡುತ್ತದೆ, ವೈಕಲ್ಯವಿರುವವರೂ ಇಲ್ಲದವರೂ ಜೊತೆಯಲ್ಲೇ ಸಸಿ ಬೆಳೆಸುತ್ತಾರೆ.

ನಾತ್ಸಿಗಳ ಕಾಟಕ್ಕೆ ವಿಯೆನ್ನಾ ಬಿಟ್ಟ ಮಕ್ಕಳ ವೈದ್ಯ ಕಾರ್ಲ್ ಕೋನಿಗ್ ತನ್ನ ಸಂಗಡಿಗರೊಂದಿಗೆ 1940ರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನ್ ಬಳಿ ನೆಲೆಗೊಳಿಸಿದ, ವೈಕಲ್ಯವಿರುವವರೂ ಇಲ್ಲದವರೂ ಒಟ್ಟಿಗೆ ಬಾಳುವ ಕ್ಯಾಂಪ್‌ಹಿಲ್ ಸಮುದಾಯದ ದಾರಿಯೂ ಇದೇ. ಅವರ ಬೇಸಾಯಕ್ಕೆ ಆಧಾರ ಆಸ್ಟ್ರಿಯಾದ ಚಿಂತಕ ರುಡಾಲ್ಫ್ ಸ್ಟೈನರ್ 1924ರಲ್ಲಿ ಕೃಷಿಯ ಬಗ್ಗೆ ಕೊಟ್ಟ ಉಪನ್ಯಾಸಗಳು. ಅದರಲ್ಲಿನ ಗ್ರಹಗತಿಯ ಲೆಕ್ಕಾಚಾರ ನನಗೆ ಒಪ್ಪಿಗೆಯಿಲ್ಲ, ಆದರೆ ಹಸು, ಬೀಜ, ಗೊಬ್ಬರಗಳ ಸುತ್ತ ಒಂದು ಮನೆಯ ದಿನಚರಿಯನ್ನು ಹೆಣೆದ ಅವರ ವಿವೇಕಕ್ಕೆ ನಾನು ಕೈಮುಗಿಯುತ್ತೇನೆ. ಇಂಗ್ಲೆಂಡಿನ ಓಕ್‌ಲ್ಯಾಂಡ್ಸ್ ಪಾರ್ಕಿನಲ್ಲಿ ಈ ಜನ ತಮ್ಮ ಮನೆಗಳ ಕೊಳಚೆ ನೀರನ್ನು ಜೊಂಡು ಬೆಳೆದ ಪಾತಿಗಳಲ್ಲಿ ಹಾಯಿಸಿ ತಿಳಿಗೊಳಿಸಿದರು. ಆ ಪರಂಪರೆಯ ಸಮುದಾಯವೊಂದು ನಮ್ಮ ಬೆಂಗಳೂರಿನ ಅಂಚಿನಲ್ಲೂ ಇದೆ.

ಗೊಬ್ಬರದ ಕೆಲಸ ಇಂಥವರಿಗೆ ಒಗ್ಗುವುದಕ್ಕೆ ಕಾರಣವಿದೆ. ಅದು ದಿನವೂ ಅದೇ ಹೊತ್ತಿಗೆ, ಅದೇ ಕ್ರಮದಲ್ಲಿ ಬರುತ್ತದೆ. ಕೈತಪ್ಪಿದರೆ ಏನೂ ಕೆಡುವುದಿಲ್ಲ, ಎಲೆ ಕಡಿಮೆಯಾಗಿ ವಾಸನೆ ಬಂದರೆ ನಾಳೆ ಇನ್ನೊಂದು ಬುಟ್ಟಿ ಸುರಿದರಾಯಿತು. ಒಬ್ಬರು ಎಲೆ ಗುಡಿಸಬಹುದು, ಇನ್ನೊಬ್ಬರು ಬುಟ್ಟಿ ಹೊರಬಹುದು, ಅಷ್ಟೂ ಆಗದವರು ಚಿಮುಕಿಸುವ ನೀರಿನ ಚೊಂಬು ಹಿಡಿಯಬಹುದು. ನಾನು ಭೇಟಿ ಕೊಟ್ಟ ಒಂದು ಧಾಮದಲ್ಲಿ, ಮಾತು ಬಲು ಕಡಿಮೆಯಿದ್ದ ನಡುವಯಸ್ಸಿನ ಹೆಂಗಸೊಬ್ಬರು ಅಡುಗೆಮನೆಯ ಹಸಿ ಕಸವನ್ನು ಗುಂಡಿಗೆ ಸುರಿಯುವ ಮೊದಲು ಅಂಗೈಯಿಂದ ಹರಡಿ ನೋಡುತ್ತಿದ್ದರು. ಅಂದು ಯಾರೋ ದಾನಿಗಳು ಊಟ ಹಾಕಿಸಿದ್ದರು. ಅನ್ನದ ನಡುವೆ ಸಿಕ್ಕಿದ ಪ್ಲಾಸ್ಟಿಕ್ ಚಮಚಗಳನ್ನು ಆಕೆ ಒಂದೊಂದಾಗಿ ಹೆಕ್ಕಿ, ಸೆರಗಿಗೆ ಒರೆಸಿ, ಪಕ್ಕದ ಡಬ್ಬಿಗೆ ಹಾಕಿದರು. ಹಸಿ ಕಸ, ಒಣ ಕಸ ಬೇರೆ ಮಾಡಿರೆಂದು ಪೌರಕಾರ್ಮಿಕರು ಬೇಡಿಕೊಂಡರೂ ಕೇಳದ ನಮ್ಮ ಅಪಾರ್ಟ್‌ಮೆಂಟುಗಳ ವಿದ್ಯಾವಂತರಿಗಿಂತ ಆಕೆಗೆ ತಿಳಿವಳಿಕೆ ಕಡಿಮೆಯೆಂದು ನನಗೆ ಅನ್ನಿಸಲಿಲ್ಲ.

ನನ್ನ ಸಿಟ್ಟೆಲ್ಲ ಆ ಚಮಚ ತಂದವರ ಮೇಲೆ. ಮಗುವಿನ ಹುಟ್ಟುಹಬ್ಬಕ್ಕೆಂದು ಕಾರಿನಲ್ಲಿ ಬಂದು, ಕೇಕು ಕತ್ತರಿಸಿ, ಪ್ಲಾಸ್ಟಿಕ್ ತಟ್ಟೆಯಲ್ಲಿ ಊಟ ಹಂಚಿ, ಫೋಟೊ ತೆಗೆಸಿಕೊಂಡು, ಕಸವನ್ನು ಅಲ್ಲೇ ಬಿಟ್ಟು ಹೋಗುವ ಈ ಪುಣ್ಯಸಂಪಾದನೆಯನ್ನು ಯಾವ ಧಾಮದವರೂ ಬೇಡವೆನ್ನಲಾರರು, ಏಕೆಂದರೆ ಅವರಿಗೆ ಮುಂದಿನ ತಿಂಗಳ ಅಕ್ಕಿ ಬೇಕು. ಆ ತಟ್ಟೆ, ಚಮಚಗಳನ್ನು ಕರ್ನಾಟಕ ಸರ್ಕಾರ 2016ರಲ್ಲೇ ನಿಷೇಧಿಸಿದೆ. ಕಂಪನಿಗಳ ದಾನವೂ ಹೀಗೆಯೇ: ಹೆಸರು ಕೆತ್ತಿಸಬಹುದಾದ ಕಟ್ಟಡಕ್ಕೆ, ಜನರೇಟರಿಗೆ ದುಡ್ಡು ಹುಟ್ಟುತ್ತದೆ, ನಿವಾಸಿಗಳ ಜೊತೆ ಬಗ್ಗಿ ಪಾತಿ ಮಾಡುವ ಸಹಾಯಕಿಯ ಸಂಬಳಕ್ಕೆ ಹುಟ್ಟುವುದಿಲ್ಲ. ಆಕೆಯಿಲ್ಲದ ಕಡೆ ನಿವಾಸಿಗಳು ದಿನವಿಡೀ ಟಿವಿಯ ಮುಂದೆ ಸಾಲಾಗಿ ಕೂತಿರುತ್ತಾರೆ, ಬಂದ ನೆಂಟರು ಎಷ್ಟು ಚೊಕ್ಕಟವಾಗಿದೆ ಎಂದು ಮೆಚ್ಚಿ ಹೋಗುತ್ತಾರೆ.

ಶುಲ್ಕ ಕಟ್ಟುವ ನಿಮಗೆ ಪ್ರಶ್ನೆ ಕೇಳುವ ಹಕ್ಕಿದೆ, ಕೇಳಿ. ಬೇಡವೆಂದ ದಿನ ಹುಡುಗನನ್ನು ಸುಮ್ಮನೆ ಬಿಡುತ್ತಾರೆಯೇ, ಕೈಗವಸು ಕೊಟ್ಟು ಧನುರ್ವಾಯುವಿನ ಚುಚ್ಚುಮದ್ದು ಹಾಕಿಸಿದ್ದಾರೆಯೇ, ಬೆಳೆದ ಸೊಪ್ಪು ಅವನ ತಟ್ಟೆಗೇ ಬರುತ್ತದೆಯೇ, ಮಾರಿದ್ದರೆ ಹಣದಲ್ಲಿ ಅವನ ಪಾಲೆಷ್ಟು ಎಂದು ವಿಚಾರಿಸಿ. ಉತ್ತರ ಸರಿಯಿಲ್ಲದಿದ್ದರೆ ಜಗಳವಾಡಿ, ನಮಗೂ ಬರೆಯಿರಿ. ಸರಿಯಿದ್ದರೆ ದಯವಿಟ್ಟು ಅವನನ್ನು ಗುಂಡಿಯ ಬಳಿಯಿಂದ ಎಬ್ಬಿಸಿಕೊಂಡು ಬರಬೇಡಿ. ಮುಂದಿನ ಸಲ ಹೋಗುವಾಗ ಸಿಹಿತಿಂಡಿಯ ಡಬ್ಬಿಯ ಬದಲು ಹರಿವೆ, ಬೆಂಡೆ ಬೀಜದ ಪೊಟ್ಟಣ ಒಯ್ದು ಅವನ ಕೈಗೇ ಕೊಡಿ.